ವಂಕಿಗೆ ಮುನ್ನ ಪರೀಕ್ಷೆ, ಪರೀಕ್ಷೆಗೆ ಮುನ್ನ ಮಾತು



ಸರ್ಕಾರವೇ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದ ಹೆಗ್ಗಳಿಕೆ ನಮ್ಮ ಮೈಸೂರು ಸಂಸ್ಥಾನದ್ದು. ಅದು 1930ರ ಮಾತು. ಇಂದು ಯಲಹಂಕ, ಯಶವಂತಪುರದ ಹೆಣ್ಣುಮಕ್ಕಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಾಪರ್-ಟಿ, ಅಂದರೆ ವಂಕಿ, ಉಚಿತವಾಗಿ ದೊರೆಯುತ್ತದೆ. 375 ಮಾದರಿ 5 ವರ್ಷ, 380-ಎ ಮಾದರಿ 10 ವರ್ಷ ಕೆಲಸ ಮಾಡುತ್ತದೆ. ಬೇಡವೆಂದಾಗ ತೆಗೆಸಬಹುದು. ಒಳ್ಳೆಯ ಸಾಧನವೇ, ಆದರೆ ಪರೀಕ್ಷಿಸದೆ ಹಾಕುವಂಥದ್ದಲ್ಲ.

ನಾನು ವೈದ್ಯನಲ್ಲ, ಸರ್ಕಾರಿ ಸೇವೆಯಿಂದ ನಿವೃತ್ತನಾದ ಇಂಜಿನಿಯರು. ಮಣ್ಣು ಪರೀಕ್ಷಿಸದೆ ತಳಪಾಯ ಹಾಕಬಾರದೆಂಬುದು ನಮ್ಮ ವೃತ್ತಿಯ ಮೊದಲ ಪಾಠ. ಇಲ್ಲಿಯೂ ಹಾಗೆಯೇ. ಗರ್ಭ ನಿಂತಿಲ್ಲವೆಂದು, ಸೋಂಕಿಲ್ಲವೆಂದು ಮೊದಲು ಖಚಿತವಾಗಬೇಕು. ಗರ್ಭಕೋಶ ಮುಂದಕ್ಕೆ ಬಾಗಿದೆಯೋ ಹಿಂದಕ್ಕೋ ಎಂದು ವೈದ್ಯರು ಕೈಯಿಂದ ಪರೀಕ್ಷಿಸುತ್ತಾರೆ. ಒಳಗಿನ ಆಳವನ್ನು ಕಡ್ಡಿಯಿಂದ ಅಳೆಯುತ್ತಾರೆ. ಇದು ತಪ್ಪಿದರೆ ಗೋಡೆಗೆ ತೂತು ಬೀಳುವ ಅಪಾಯವಿದೆ, ಅಪರೂಪವಾದರೂ ಸಣ್ಣದಲ್ಲ. ಗಡ್ಡೆಯಿಂದಲೋ ಹುಟ್ಟಿನಿಂದಲೋ ಒಳಗಿನ ಆಕಾರ ಕೆಟ್ಟಿದ್ದರೆ ವಂಕಿ ಸರಿಯಾಗಿ ಕೂರದು. ಸ್ಕ್ಯಾನಿಂಗ್ ಎಲ್ಲರಿಗೂ ಬೇಕಿಲ್ಲ, ಅನುಮಾನವಿದ್ದಾಗ ಬೇಕು. ಹೆರಿಗೆಯಾದ 48 ಗಂಟೆಯೊಳಗೆ ಹಾಕುವುದಾದರೆ ಜ್ವರ, ಸೋಂಕು, ವಿಪರೀತ ರಕ್ತಸ್ರಾವ ಇಲ್ಲವೆಂದು ನೋಡಬೇಕು.

ಆದರೆ ಎಲ್ಲಕ್ಕಿಂತ ಮೊದಲಿನ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಅದು ಪ್ರಶ್ನೆ: ಮುಟ್ಟು ಸರಿಯಾಗಿದೆಯೇ? ನಡುನಡುವೆ ರಕ್ತ ಹೋಗುತ್ತದೆಯೇ? ಬಿಳಿಮುಟ್ಟು, ಕಿಬ್ಬೊಟ್ಟೆ ನೋವು ಇದೆಯೇ? ಕಾರಣ ತಿಳಿಯದ ರಕ್ತಸ್ರಾವವಿದ್ದರೆ ಕಾರಣ ಹುಡುಕುವವರೆಗೆ ವಂಕಿ ಹಾಕಬಾರದು. ಈ ಪ್ರಶ್ನೆಗೆ ನಮ್ಮ ಸೊಸೆಯಂದಿರು ತಲೆ ತಗ್ಗಿಸಿ "ಏನೂ ಇಲ್ಲ" ಎಂದರೆ ಉಳಿದ ಪರೀಕ್ಷೆಯೂ ದಾರಿ ತಪ್ಪೀತು.

ಈ ಸಂಕೋಚ ಎಲ್ಲಿಂದ ಬಂತು? ಶರಣರು ಪಂಚಸೂತಕಗಳನ್ನು ನಿರಾಕರಿಸಿದರು, ರಜಸ್ಸೂತಕವೂ ಅದರಲ್ಲೊಂದು. ಮುಟ್ಟಾದವಳೂ ಇಷ್ಟಲಿಂಗ ಪೂಜಿಸಬಹುದೆಂದ ಧರ್ಮ ನಮ್ಮದು. ಆದರೂ ನಗರದ ಅಪಾರ್ಟ್‌ಮೆಂಟುಗಳಲ್ಲಿಯೂ ಆ ಮೂರು ದಿನ ಪಿಸುಮಾತು ನಿಂತಿಲ್ಲ. ಗೋಷ್ಠಿಯಲ್ಲಿ ಬಿಟ್ಟ ಸೂತಕವನ್ನು ಮನೆಯಲ್ಲಿ ಉಳಿಸಿಕೊಂಡರೆ ಅದರ ಬೆಲೆ ತೆರುವವಳು ಹೆಣ್ಣು.

ಮಠಗಳಲ್ಲಿ, ಅಕ್ಕನ ಬಳಗಗಳಲ್ಲಿ ವೈದ್ಯೆಯೊಬ್ಬರನ್ನು ಕರೆಸಿ ಈ ವಿಷಯ ಮಾತನಾಡಿಸೋಣ. ಅತ್ತೆಯಂದಿರೂ ಗಂಡಂದಿರೂ ಕೇಳಲಿ. ವಂಕಿ ಬೇಕೋ ಬೇಡವೋ ಎಂಬುದನ್ನು ಹೆರಿಗೆ ನೋವಿನ ನಡುವೆ ಕೇಳದೆ, ಬಸುರಿಯ ತಪಾಸಣೆಯ ದಿನಗಳಲ್ಲಿಯೇ ಕೇಳಬೇಕು, ಉತ್ತರ ಅವಳದಾಗಿರಬೇಕು. ಹಾಕಿಸಿಕೊಂಡ ದಿನ, ತೆಗೆಸಬೇಕಾದ ವರ್ಷ ಬರೆದ ಚೀಟಿ ಅವಳ ಕೈಯಲ್ಲಿರಲಿ. ಮುಂದಿನ ಮುಟ್ಟಿನ ನಂತರ ಮತ್ತೊಮ್ಮೆ ತೋರಿಸಲಿ.