ಮೊಲದ ಮರಿಗೆ ಮೊದಲು ಒಣಹುಲ್ಲು

ಮಕ್ಕಳ ಆಸೆಗಾಗಿ ಸಂತೆಯಿಂದ ಮೊಲದ ಮರಿ ತರುವ ರೈತ ಬಾಂಧವರುಂಟು. ತಂದ ವಾರದೊಳಗೇ ಅದು ಭೇದಿಯಾಗಿ ಸಾಯುವುದೂ ಉಂಟು. ಇದಕ್ಕೆ ಮರಿಯ ದುರ್ಬಲತೆಗಿಂತ ನಮ್ಮ ಅವಸರವೇ ಹೆಚ್ಚಿನ ಕಾರಣವೆಂಬುದು ನನ್ನ ಅಭಿಪ್ರಾಯ.

ಮರಿ ತಾಯಿಹಾಲು ಬಿಡುವುದು ಸಾಮಾನ್ಯವಾಗಿ 4 ರಿಂದ 6 ವಾರಗಳಲ್ಲಿ. ನಾರನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ಅದರ ಕರುಳಿನಲ್ಲಿ ನೆಲೆಗೊಳ್ಳುತ್ತಿರುವುದೂ ಆಗಲೇ. ಅದೇ ಸಮಯದಲ್ಲಿ ಸ್ಥಳ, ಆಹಾರ ಎರಡೂ ಬದಲಾದರೆ ಕರುಳು ಕೆಡುತ್ತದೆ. ಆದುದರಿಂದ 8 ವಾರ ತುಂಬದ ಮರಿಯನ್ನು ಕೊಳ್ಳಬಾರದು, ಮಾರಲೂಬಾರದು.

ಮರಿ ತಿನ್ನುತ್ತಿದ್ದ ಆಹಾರವನ್ನೇ ಮಾರುವವರಿಂದ ಕೇಳಿ ತನ್ನಿರಿ. ಹೊಸ ಆಹಾರವನ್ನು 7 ರಿಂದ 10 ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆಸಿರಿ. ಬೂಷ್ಟು ಹಿಡಿಯದ ಒಣಹುಲ್ಲು, ಶುದ್ಧ ನೀರು ಹಗಲಿರುಳೂ ಇರಲಿ. ಬೆಳೆಯುವ ಮರಿಗೆ ಕುದುರೆಮಸಾಲೆಯ ಒಣಮೇವು ಉತ್ತಮ. ಹಸುವಿನ ಹಾಲು, ಅನ್ನ, ಬೆಲ್ಲ ಬೇಡ. ಗಜ್ಜರಿ ಒಂದು ಚೂರು ಸಾಕು, ಅದೂ ಮರಿ ಒಗ್ಗಿದ ಮೇಲೆ. ತನ್ನದೇ ಮೃದುವಾದ ಹಿಕ್ಕೆಯನ್ನು ಮೊಲ ತಿನ್ನುವುದು ಸಹಜ, ತಡೆಯಬೇಡಿ. ಅರ್ಧ ದಿನ ಮೇವು ಮುಟ್ಟದಿದ್ದರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಿರಿ.

ಎತ್ತು, ಎಮ್ಮೆಗಳ ಮೇವು ಬದಲಿಸುವಾಗ ನಾವು ತೋರುವ ತಾಳ್ಮೆಯನ್ನು ಅಂಗೈಯಗಲದ ಈ ಮರಿಗೂ ತೋರೋಣ.