ನಾಟಕದ ಪಾಠದಲ್ಲಿ ನಾಟಕ ಎಲ್ಲಿ?

ಅಭ್ಯಾಸ ಬೋಧನೆಯಲ್ಲಿ ನನ್ನ ವಿಷಯ ವಿಜ್ಞಾನ. ಆದರೂ ಸಹಪಾಠಿಗಳ ಭಾಷಾ ಪಾಠಗಳನ್ನು ವೀಕ್ಷಿಸಲು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ನಾಟಕದ ಪಾಠವಾದರೆ ಕ್ರಮ ಬಹುಪಾಲು ಒಂದೇ: ಕೃತಿಕಾರರ ಪರಿಚಯ, ಪದಗಳ ಅರ್ಥ, ಈ ಮಾತನ್ನು ಯಾರು ಯಾರಿಗೆ ಹೇಳಿದರು, ಕೊನೆಗೆ ಸಂದರ್ಭ ಸಹಿತ ಸ್ವಾರಸ್ಯ. ಆ ಮಾತನ್ನು ಎಲ್ಲಿ ನಿಂತು ಹೇಳುತ್ತಿದ್ದರು, ನೋಡುವವರು ಎಷ್ಟು ದೂರದಲ್ಲಿದ್ದರು, ಬೆಳಕು ಯಾವುದು ಎಂಬ ಪ್ರಶ್ನೆ ಬರುವುದೇ ಇಲ್ಲ.

ರಂಗಭೂಮಿಯ ಚರಿತ್ರೆಕಾರರು ಶುರು ಮಾಡುವುದೇ ಅಲ್ಲಿಂದ. ಜರ್ಮನಿಯ ಮ್ಯಾಕ್ಸ್ ಹೆರ್ಮಾನ್ 20ನೇ ಶತಮಾನದ ಆರಂಭದಲ್ಲೇ ಪಠ್ಯ ಬೇರೆ, ಪ್ರದರ್ಶನ ಬೇರೆ ಎಂದು ವಾದಿಸಿದರು. ಪ್ರದರ್ಶನ ಮುಗಿದ ಗಳಿಗೆಗೇ ಇಲ್ಲವಾಗುತ್ತದೆ. ಉಳಿಯುವುದು ಅದರ ಕುರುಹು ಮಾತ್ರ. ಹಾಗಾಗಿ ಅವರ ಕೆಲಸ ನಮ್ಮ ಪ್ರಯೋಗಾಲಯದ ಕೆಲಸಕ್ಕೆ ತುಂಬ ಹತ್ತಿರ.

ಲಂಡನ್ನಿನ ರೋಸ್ ರಂಗಮಂದಿರವನ್ನೇ ನೋಡಿ. 1587ರಲ್ಲಿ ಕಟ್ಟಿದ್ದು. ಮಾಲೀಕ ಹೆನ್ಸ್ಲೋ ಬರೆದಿಟ್ಟ ಲೆಕ್ಕದ ಪುಸ್ತಕದಲ್ಲಿ 1592ರ ಕಟ್ಟಡದ ಖರ್ಚು ಇದೆ. 1989ರಲ್ಲಿ ಅಡಿಪಾಯ ಅಗೆದಾಗ ಮಂದಿರವನ್ನು ಒಮ್ಮೆ ಹಿಗ್ಗಿಸಿದ ಗುರುತು ಸಿಕ್ಕಿತು. ಕಾಗದವೂ ಮಣ್ಣೂ ಒಂದೇ ಮಾತು ಹೇಳಿದವು. ಆದರೆ ಪ್ರೇಕ್ಷಕರು ನಿಲ್ಲುತ್ತಿದ್ದ ಅಂಗಳದಲ್ಲಿ ರಾಶಿ ರಾಶಿ ಹೇಜಲ್‌ನಟ್ ಚಿಪ್ಪುಗಳೂ ಸಿಕ್ಕವು. ನಾಟಕ ನೋಡುತ್ತಾ ತಿಂದು ಎಸೆದದ್ದು ಎನ್ನುವುದು ಸುಲಭದ ಊಹೆ. ಚಿಪ್ಪು ಬೂದಿ, ಕಿಟ್ಟಗಳ ಜೊತೆ ಬೆರೆತು ಗಟ್ಟಿಯಾಗಿತ್ತು. ಅದು ನೆಲಕ್ಕೆ ಬೇಕೆಂದೇ ಹಾಕಿದ ಹಾಸು ಎನ್ನುವುದು ಇನ್ನೊಂದು ವಾದ. ಅವಲೋಕನ ಒಂದೇ, ತೀರ್ಮಾನ ಎರಡು. ಎಂಟನೇ ತರಗತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ವಿಜ್ಞಾನದ ಪುಸ್ತಕದಲ್ಲೂ ಇಲ್ಲ.

ನಮ್ಮಲ್ಲಿ ಯಕ್ಷಗಾನದ ಕಥೆಯೂ ಹೀಗೆಯೇ. ಪ್ರಸಂಗದ ಪುಸ್ತಕದಲ್ಲಿ ಇರುವುದು ಹೆಚ್ಚಾಗಿ ಪದ್ಯ. ಮಾತು ವೇಷಧಾರಿಗೆ ಆ ಹೊತ್ತಿಗೆ ಹೊಳೆದದ್ದು. ಪುಸ್ತಕವೊಂದನ್ನೇ ಓದಿದವರಿಗೆ ಅರ್ಧ ಆಟವೂ ಸಿಗುವುದಿಲ್ಲ.

ಪಠ್ಯ ಮುಗಿಯಬೇಕು, ಪರೀಕ್ಷೆ ಇದೆ, ಸಮಯವೆಲ್ಲಿ ಎನ್ನುತ್ತಾರೆ. ನಾನು ಕೇಳುತ್ತಿರುವುದು ಒಂದೇ ಪೀರಿಯಡ್. ಮಕ್ಕಳು ತಮ್ಮೂರಿನ ಪೌರಾಣಿಕ ನಾಟಕದ ಹಳೆಯ ಕರಪತ್ರ ತರಲಿ. ಮೇಳ ಬರುವ ಊರಾದರೆ ಮೇಳದ್ದು. ದಿನಾಂಕ ಜಾತ್ರೆಯದೋ ಸುಗ್ಗಿ ಮುಗಿದ ಮೇಲಿನದೋ? ಹಾರ್ಮೋನಿಯಂ ಮಾಸ್ತರರ ಹೆಸರು ಅಷ್ಟು ದಪ್ಪ ಅಕ್ಷರದಲ್ಲಿ ಏಕಿದೆ? ಸ್ತ್ರೀಪಾತ್ರ ಮಾಡಿದವರು ಬೇರೆ ಊರಿನಿಂದ ಬಂದಿದ್ದರೆ, ಏಕೆ? ಕರಪತ್ರ ಹೇಳದೇ ಇರುವುದನ್ನು ಪಾತ್ರ ಮಾಡಿದ ಅಜ್ಜನನ್ನೇ ಕೇಳಿ ಬರಲಿ. ಅಜ್ಜನ ನೆನಪಿಗೂ ಕರಪತ್ರಕ್ಕೂ ತಾಳೆಯಾಗದಿದ್ದರೆ ಇನ್ನೂ ಒಳ್ಳೆಯದು, ಪಾಠ ಅಲ್ಲಿಂದಲೇ ಏಳುತ್ತದೆ.

ನಮ್ಮ ಪಾಠಯೋಜನೆಯ ನಮೂನೆಯಲ್ಲಿ ‘ಚಟುವಟಿಕೆ’ ಎಂಬ ಕಾಲಂ ಹೇಗೂ ಇದೆ. ಈಗ ಅಲ್ಲಿ ‘ಪಾತ್ರಾಭಿನಯ’ ಎಂದು ಬರೆದು, ಇಬ್ಬರು ಮಕ್ಕಳ ಕೈಗೆ ಪುಸ್ತಕ ಕೊಟ್ಟು ನಿಲ್ಲಿಸಿ ಓದಿಸುತ್ತಿದ್ದೇವೆ.