ಅಜ್ಜಿಯ ಕಾರ್ಡ್‌ಲೆಸ್ ಎಸೆಯೋ ಮುಂಚೆ

ಕುವೆಂಪುನಗರದಲ್ಲಿರೋ ನಮ್ಮಜ್ಜಿ ಮನೆ ಕಾರ್ಡ್‌ಲೆಸ್ ಫೋನ್ ಎರಡೇ ನಿಮಿಷಕ್ಕೆ ಕಟ್ ಆಗ್ತಿತ್ತು. ಅಂಗಡಿಯವರು "ಹೊಸದು ತಗೊಳ್ಳಿ" ಅಂದ್ರು. ಅಪ್ಪ "ಸ್ಮಾರ್ಟ್‌ಫೋನ್ ಕೊಡಿಸೋಣ" ಅಂದ್ರು. ಆದ್ರೆ ಅಜ್ಜಿಗೆ ಕಣ್ಣು ಮಂಜು. ಈ ಫೋನಿನ ಗುಂಡಿಗಳು ಬೆರಳಿಗೇ ಗೊತ್ತು.

ಹ್ಯಾಂಡ್‌ಸೆಟ್ ಹಿಂದಿನ ಮುಚ್ಚಳ ತೆಗೆದೆ. ಒಳಗಿದ್ದದ್ದು 1.2 ವೋಲ್ಟಿನ ಎರಡು ನಿಕಲ್ ಮೆಟಲ್ ಹೈಡ್ರೈಡ್ ಸೆಲ್. ವರ್ಷಗಟ್ಟಲೆ ಚಾರ್ಜ್ ಆಗಿ ಸವೆದಿದ್ದವು. ಅದೇ ಥರದ ಹೊಸ ಸೆಲ್ ಹಾಕಿ, ಚಾರ್ಜಿಂಗ್ ಪಿನ್ ಒರೆಸಿದೆ, ಸರಿಹೋಯ್ತು. ರಿಮೋಟಿಗೆ ಹಾಕೋ ಮಾಮೂಲಿ ಸೆಲ್ ಮಾತ್ರ ಹಾಕಬೇಡಿ, ಚಾರ್ಜ್ ಆದರೆ ಸೋರುತ್ತೆ, ಸಿಡಿಯಲೂಬಹುದು. ಗರಗರ ಸದ್ದಿದ್ರೆ ಬೇಸನ್ನು ವೈ-ಫೈ ರೂಟರಿಂದ ದೂರ ಇಡಿ. 2.4 ಗಿಗಾಹರ್ಟ್ಸ್ ಫೋನಾದ್ರೆ ಎರಡೂ ಒಂದೇ ಬ್ಯಾಂಡಿನಲ್ಲಿ ಗುದ್ದಾಡುತ್ತವೆ.

ಒಂದು ಕೊರತೆಗೆ ಮಾತ್ರ ರಿಪೇರಿ ಇಲ್ಲ: ಕರೆಂಟ್ ಹೋದ್ರೆ ಬೇಸ್ ಕೆಲಸ ಮಾಡಲ್ಲ. ತಾಮ್ರದ ಲೈನ್ ಇರೋ ಮನೇಲಿ ಹಳೇ ವೈರ್ ಫೋನಿಗೆ ಎಕ್ಸ್‌ಚೇಂಜಿಂದಲೇ ಸುಮಾರು 48 ವೋಲ್ಟ್ ಬರುತ್ತೆ. ಒಬ್ಬರೇ ಇರೋ ಹಿರಿಯರಿಗೆ ಅದೂ ಒಂದಿರಲಿ.

ಬೇಸಿಕ್ ಎಲೆಕ್ಟ್ರಾನಿಕ್ಸ್ ಪಾಸಾಗಿರೋ ನಾವು ಮನೇಲಿ ಕೆಟ್ಟದ್ದನ್ನ ಮುಟ್ಟೋದೇ ಇಲ್ಲ. ಇದು ತಪ್ಪು ಅನ್ಸುತ್ತೆ ನಂಗೆ. ಈ ರಜೆಗೆ ಮನೆಗೆ ಹೋದಾಗ ಒಂದನ್ನಾದ್ರೂ ಬಿಚ್ಚಿ ನೋಡಿ. ಅಜ್ಜಿ ಈಗ ದಿನಾ ಸಂಜೆ ನಂಗೆ ಫೋನ್ ಮಾಡ್ತಾರೆ, ಅರ್ಧ ಗಂಟೆ!